ಸೋದರಮಾವನ ಸೊಂಟ ಮತ್ತು ಚಕ್ರದ ಕಮಲ

ಚಳಿಗಾಲದ ಒಂದು ಭಾನುವಾರ ಖಾನಾಪುರದ ನಮ್ಮ ಅಕ್ಕನ ಮನೆಯ ಹಾಲಿನಲ್ಲಿ ನಾನು ಬಹಳ ಹೊತ್ತು ಬಗ್ಗಿ ನಮಸ್ಕಾರ ಮಾಡುವ ಭಂಗಿಯಲ್ಲಿ ನಿಂತಿದ್ದೆ. ಯಾರಿಗೂ ನಮಸ್ಕಾರ ಮಾಡುತ್ತಿರಲಿಲ್ಲ. ಸೊಂಟ ಹಿಡಿದುಕೊಂಡಿತ್ತು.

ಆದದ್ದಿಷ್ಟು. ಅಕ್ಕನ ಮಗಳು ಅನಘಾಳ ಮದುವೆ ಅಂದೇ ನಿಶ್ಚಯವಾಗಿತ್ತು. ಬೀಗರು ಅವಲಕ್ಕಿ ತಿಂದು, ಚಹಾ ಕುಡಿದು ಹೊರಟರು. ಅವರ ಕಾರು ಓಣಿಯ ತಿರುವು ದಾಟಿತ್ತೋ ಇಲ್ಲವೋ, ಅನಘಾ ನನ್ನೆದುರು ಬಂದು ನಿಂತು, "ಮಾಮಾ, ಒಂದ್ ಸಲ ಎತ್ತಿ ನೋಡು. ಟ್ರಯಲ್" ಅಂದಳು. ನಾನು ತೋಳು ಮಡಚಿ, ಉಸಿರು ಎಳೆದುಕೊಂಡು, ಎತ್ತಿದೆ. ಅಂದರೆ ಎತ್ತುವುದಕ್ಕೆ ಶುರು ಮಾಡಿದೆ. ಅರ್ಧ ದಾರಿಯಲ್ಲಿ ಬೆನ್ನೊಳಗೆ ಏನೋ 'ಕಟ್' ಅಂದಿತು. ಅವಳು ಸೋಫಾದ ಮೇಲೆ ಬಿದ್ದು ನಗುತ್ತಿದ್ದಳು. ನಾನು ನೆಲದ ಟೈಲ್ಸ್ ನೋಡುತ್ತಾ ನಿಂತಿದ್ದೆ. ಚೆನ್ನಾಗಿದ್ದವು ಟೈಲ್ಸ್.

ಇದೇನು ಹುಚ್ಚಾಟ ಎಂದು ಕೇಳಬೇಡಿ. ನಮ್ಮ ಕಡೆ ಮದುಮಗಳು ಮಂಟಪಕ್ಕೆ ನಡೆದು ಬರುವುದಿಲ್ಲ. ಸೋದರಮಾವ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅಂತರಪಟದ ಈಚೆ ಇಳಿಸಬೇಕು. ಮದುವೆಯಲ್ಲಿ ಅಪ್ಪನಿಗೆ ಕನ್ಯಾದಾನದ ಗೌರವವಿದೆ, ಅವ್ವನಿಗೆ ಅಳುವ ಅಧಿಕಾರವಿದೆ. ಸೋದರಮಾವನಿಗೆ ಇರುವುದು ಇದೊಂದೇ ಹಮಾಲಿ ಕೆಲಸ. ಹುಡುಗಿಯರಿಗೆ ಹಾಲುಹಲ್ಲು ಬಿದ್ದ ಕೂಡಲೇ ಮದುವೆ ಮಾಡುತ್ತಿದ್ದ ಕಾಲದಲ್ಲಿ ಯಾರೋ ಮಾಡಿಟ್ಟ ಪದ್ಧತಿ ಇರಬೇಕು. ಈಗ ಮದುಮಗಳು ಎಂ.ಟೆಕ್. ಮುಗಿಸಿರುತ್ತಾಳೆ, ಸೋದರಮಾವನ ಡಿಸ್ಕ್ ಜರುಗಿರುತ್ತದೆ. ಪದ್ಧತಿಗೆ ಮಾತ್ರ ವಯಸ್ಸಾಗಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನಾನು ನಕ್ಕು ಜಾರಿಕೊಳ್ಳುತ್ತಿದ್ದೆ. ಆದರೆ ಇವಳು ಅನಘಾ. ಸಣ್ಣವಳಿದ್ದಾಗ ಯಾರದೋ ಮದುವೆಯಲ್ಲಿ ನನ್ನ ತೊಡೆಯ ಮೇಲೆ ಕೂತಿದ್ದಳು. ಮದುಮಗಳನ್ನು ಅವಳ ಮಾವ ಎತ್ತಿಕೊಂಡು ಬಂದದ್ದನ್ನು ಬಾಯಿ ತೆರೆದು ನೋಡಿ, ನನ್ನ ಗದ್ದ ಹಿಡಿದು ತಿರುಗಿಸಿ, "ನನ್ನೂ ಹಂಗ ಎತ್ತತಿ?" ಎಂದು ಕೇಳಿದ್ದಳು. "ಎತ್ತತೀನಿ ಪುಟ್ಟಾ" ಅಂದಿದ್ದೆ. ಆಗ ಅವಳು ಒಂದು ಬುಟ್ಟಿ ಹೂವಿನಷ್ಟು ಇದ್ದಳು. ಮಾತು ಕೊಡುವಾಗ ನಾವು ಯಾರೂ ಮುಂದಿನದು ಯೋಚಿಸುವುದಿಲ್ಲ, ನೋಡಿ. ಅವಳು ಮರೆತಿರಬಹುದು ಅಂದುಕೊಂಡಿದ್ದೆ. ಮರೆತಿರಲಿಲ್ಲ.

ಮುಂದಿನ ವಾರ ಅಕ್ಕನ ಮನೆಗೆ ಬೆಳಗಾವಿಯಿಂದ ಇವೆಂಟ್ ಮ್ಯಾನೇಜರ್ ಬಂದ. ಟ್ಯಾಬ್ ತೆರೆದು ಒಂದು ವಿಡಿಯೋ ತೋರಿಸಿದ. ಫೈಬರಿನ ದೊಡ್ಡ ಗುಲಾಬಿ ಬಣ್ಣದ ಕಮಲ. ಕೆಳಗೆ ಚಕ್ರ, ಒಳಗೆ ಲೈಟು. ನಡುವೆ ಮದುಮಗಳು ಕೂತಿರುತ್ತಾಳೆ, ಹಿಂದಿನಿಂದ ಇಬ್ಬರು ನೂಕುತ್ತಾರೆ, ಎದುರಿನಿಂದ ಹೊಗೆ ಬರುತ್ತದೆ.

"ಇದರಾಗ ಸೋದರಮಾವನ ಕೆಲಸ ಏನ್ರಿ?" ಎಂದು ಕೇಳಿದೆ.

"ನೀವು ಬಾಜೂಕ ಕೈ ಬೀಸ್ಕೋತ ನಡೀರಿ ಸರ್. ವಿಡಿಯೋದಾಗ ಮಸ್ತ್ ಬರ್ತೈತ್ರಿ."

ಕೈ ಬೀಸುವುದಂತೆ! ನಾನೇನು ರೈಲು ಬಿಡಲು ಬಂದ ಗಾರ್ಡೇ?

ಅಕ್ಕನಿಗೆ ಕಮಲ ಹಿಡಿಸಿಬಿಟ್ಟಿತ್ತು. "ಪಮ್ಯಾ, ಸುಮ್ಮ ಇದನ್ನ ತರಸೂಣು. ನಿನ್ನ ಕೈಲೆ ಆಗೂದಲ್ಲ. ಹಿಡದ ಕೆಲಸ ಪೂರಾ ಮಾಡಿದ್ದು ನಿನ್ನ ಜನ್ಮದಾಗ ಒಂದರ ಅದ ಏನು?"

(ನನ್ನ ಹೆಸರು ಪ್ರಮೋದ. ಐವತ್ತು ದಾಟಿದ ಮೇಲೂ ಪಮ್ಯಾ ಎಂದು ಕರೆಯುವ ಹಕ್ಕು ಅಕ್ಕನಿಗೆ ಮತ್ತು ಇನ್ನೊಬ್ಬರಿಗಿದೆ. ಅವರು ಆಮೇಲೆ ಬರುತ್ತಾರೆ.)

ಅಕ್ಕ ಹೇಳಿದ್ದು ಸುಳ್ಳಲ್ಲ. ನನ್ನ ವ್ಯಾಯಾಮದ ಸೈಕಲ್ ಮೇಲೆ ಈಗ ಟಾವೆಲ್ ಒಣಗುತ್ತವೆ. ಕಲಿಯಲೆಂದು ತಂದ ಹಾರ್ಮೋನಿಯಂ ಮಂಚದ ಕೆಳಗೆ ಶಾಂತವಾಗಿ ನಿವೃತ್ತಿ ಜೀವನ ನಡೆಸುತ್ತಿದೆ. ಆದರೂ ರೋಷ ಬಂತು. "ನಾನ ಎತ್ತತೀನಿ" ಅಂದೆ.

"ಮದಲ ನೆಟ್ಟಗ ನಿಂತು ಹೇಳು" ಅಂದಳು ಅಕ್ಕ.

ಕೊನೆಗೆ ರಾಜಿಯಾಯಿತು. ಮದುವೆಗೆ ಮುಂಚೆ ನೆಂಟರೆಲ್ಲ ಸರದಿಯ ಮೇಲೆ ಮದುಮಗಳನ್ನೂ ಮನೆಯವರನ್ನೂ ಕರೆದು ಸಿಹಿಯೂಟ ಹಾಕುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಕೇಳವಣ ಅನ್ನುತ್ತಾರೆ. ಎಲ್ಲರದೂ ಮುಗಿದ ಮೇಲೆ ಕೊನೆಯ ಕೇಳವಣ ಸೋದರಮಾವನದು, ಅಂದರೆ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ. ಅಂದು ನಾನು ಅನಘಾಳನ್ನು ಎತ್ತಿ ತೋರಿಸಬೇಕು. ಆಗದಿದ್ದರೆ ಕಮಲ.

ಶಿಸ್ತು ಶುರುವಾಯಿತು.

ಶಿಸ್ತು ಅಂದ ಮೇಲೆ ಮೊದಲು ಏನು ಮಾಡಬೇಕು? ಶಿಸ್ತಿನ ವಿಡಿಯೋ ನೋಡಬೇಕು. ಒಬ್ಬ ಐಸಿನ ತೊಟ್ಟಿಯಲ್ಲಿ ಕೂತು ಮನೋಬಲದ ಬಗ್ಗೆ ಮಾತಾಡಿದ. ಇನ್ನೊಬ್ಬ ನಸುಕಿನಲ್ಲಿ ನಾಲ್ಕಕ್ಕೆ ಏಳದವರೆಲ್ಲ ಸೋತವರು ಎಂದು ತೀರ್ಪು ಕೊಟ್ಟ. ಎಷ್ಟು ಸ್ಫೂರ್ತಿ ಬಂತೆಂದರೆ, ನೋಡುತ್ತಾ ಕೂತು ಆಫೀಸಿಗೆ ತಡವಾಯಿತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅದು ಬೆಳಿಗ್ಗೆ ಐದೂವರೆಗೆ ಕೂಗಿ, "ಇಂದು ನಿಮ್ಮ ದಿನ!" ಅನ್ನುತ್ತಿತ್ತು. ಬೆಳಗಾವಿಯ ಚಳಿಯಲ್ಲಿ, ರಜಾಯಿಯೊಳಗಿಂದ, ಐದೂವರೆ ಯಾರ ದಿನವೂ ಅಲ್ಲ. ನಾನು ಆ್ಯಪ್‌ನ ಬಾಯಿ ಮುಚ್ಚಿ ಮಗ್ಗುಲಾಗುತ್ತಿದ್ದೆ.

ಸೊಂಟ ನೋಡಿದ ಫಿಸಿಯೋಥೆರಪಿಸ್ಟ್ ಹುಡುಗಿ ಸರಳವಾಗಿ ಹೇಳಿದ್ದಳು. "ಅಂಕಲ್, ಹೊಟ್ಟಿ ಇಳಸ್ರಿ, ಬೆನ್ನು ತಾನ ಸುಧಾರಸ್ತೈತಿ. ಸಿಹಿ ಬಿಡ್ರಿ. ನಾ ಹೇಳಿದ ವ್ಯಾಯಾಮ ದಿನಾ ಮಾಡ್ರಿ." ಬೆನ್ನು ಸ್ವಲ್ಪ ಸುಧಾರಿಸಿದ ಮೇಲೆ ಭಾರ ಎತ್ತಲೂ ಅಪ್ಪಣೆ ಕೊಟ್ಟಳು. ಮನೆಯಲ್ಲಿ ಭಾರದ್ದು ಏನಿದೆ? ಅಕ್ಕಿಯ ಚೀಲ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ನಡೆಯತೊಡಗಿದೆ.

"ಏನ್ರಿ, ಅಕ್ಕಿನೂ ವಾಕಿಂಗ್ ಹೊಂಟಾವ ಏನು?" ಅಂದಳು ಹೆಂಡತಿ ಸುನೀತಾ. ಹೀಗೆ ಹಂಗಿಸಿದವಳೇ ಮರುದಿನ ಹಾಲಿನಲ್ಲಿದ್ದ ಟೀಪಾಯಿ ಸರಿಸಿ ನನಗೆ ದಾರಿ ಮಾಡಿಕೊಟ್ಟಿದ್ದಳು.

ವ್ಯಾಯಾಮ ಹೇಗೋ ಅರ್ಧಂಬರ್ಧ ನಡೆಯಿತು. ಸಿಹಿ?

ಮದುವೆಗೆ ಸಣ್ಣಗಾಗಬೇಕು ಎಂದು ಹೊರಟವನಿಗೆ ಮದುವೆಯವರೇ ಶತ್ರುಗಳು. ಮೊದಲ ಕೇಳವಣ ನಮ್ಮ ಹಿಂದಿನ ಓಣಿಯ ಶಾಂತಾ ಕಾಕು ಅವರ ಮನೆಯಲ್ಲಿ. (ನನ್ನನ್ನು ಪಮ್ಯಾ ಎನ್ನುವ ಇನ್ನೊಬ್ಬರು ಇವರೇ. ನಮ್ಮ ಚಿಕ್ಕಪ್ಪನ ಹೆಂಡತಿ. ಮೊಣಕಾಲು ಎರಡೂ ಹೋಗಿವೆ, ಕೈ ಮಾತ್ರ ಇನ್ನೂ ಗಟ್ಟಿ.) ಅನಘಾ, ಅಕ್ಕ, ಭಾವ, ನಾನು, ಸುನೀತಾ ಸಾಲಾಗಿ ಎಲೆ ಮುಂದೆ ಕೂತೆವು. ಹೂರಣದ ಹೋಳಿಗೆ, ಬಾಸುಂದಿ, ಬದಿಗೆ ಕುಂದಾ. ಕಾಕು ಕುರ್ಚಿಯಲ್ಲಿ ಕೂತು ಸೊಸೆಯ ಕೈಯಿಂದ ಬಡಿಸುವ ಸೇನೆಯನ್ನು ನಡೆಸುತ್ತಿದ್ದರು.

"ಕಾಕು, ನನಗ ಸಿಹಿ ಬ್ಯಾಡ. ಡಯಟ್ ಮಾಡ್ಲಿಕತ್ತೀನಿ."

"ಡಯಟ್ ನಾಳಿಂದ ಮಾಡು. ಇವತ್ತ ಹೋಳಿಗಿ ಆಗ್ಯಾವ."

"ಡಾಕ್ಟರು ಬ್ಯಾಡ ಅಂದಾರ ಕಾಕು."

"ಯಾವ ಡಾಕ್ಟರು? ನೆಹರು ನಗರದ ದವಾಖಾನ್ಯಾಗ ಎಲ್ಲಾರೂ ನನಗ ಗೊತ್ತಿದ್ದಾವ್ರ ಇದ್ದಾರ. ನಾ ಹೇಳ್ತೀನಿ ಅವರಿಗಿ. ತಗೋ."

"ಖರೇನ ಬ್ಯಾಡ. ಅನಘಾನ ಎತ್ತಬೇಕಲ್ಲ, ಹೊಟ್ಟಿ ಇಳಸಬೇಕು."

"ಎತ್ತಬೇಕಂದ್ರ ಮೈಯಾಗ ಶಕ್ತಿ ಬ್ಯಾಡೇನೋ? ತುಪ್ಪಾ ಹಾಕವಾ ಅವಂಗ!"

ಇದಕ್ಕೆ ಆಗ್ರಹ ಎನ್ನುತ್ತಾರೆ. ಆಗ್ರಹ ಮಾಡಿ ಬಡಿಸದಿದ್ದರೆ ಅದು ಊಟವೇ ಅಲ್ಲ, ಹೋಟೆಲ್ಲು. ನನ್ನ ಎಲೆಗೆ ಹೋಳಿಗೆ ಇಳಿಯುತ್ತಿತ್ತು. ಇನ್ನೇನು ಮುಟ್ಟಬೇಕು, ನನ್ನ ಬಾಯಿಂದ ಒಂದು ಮಾತು ತಾನಾಗಿ ಹೊರಬಿತ್ತು.

"ಕಾಕು, ಸಿಹಿ ದೇವರಿಗಿ ಬಿಟ್ಟೇನಿ. ಲಗ್ನ ಆಗೂತನಕ."

ಹೋಳಿಗೆ ಬಂದ ದಾರಿಯಲ್ಲೇ ಮೇಲಕ್ಕೆ ಹೋಯಿತು. ಸೊಸೆ ಬಾಸುಂದಿಯ ಪಾತ್ರೆಯನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಕಾಕು ಸೆರಗು ಸರಿಮಾಡಿಕೊಂಡು, "ಮದಲ ಹೇಳಬಾರದೇನೋ ಹುಚ್ಚಾ? ಪಾಪ ನಮಗ ಹತ್ತತಿತ್ತಲ್ಲ!" ಅಂದರು.

ನಾನು ಬೆರಗಾಗಿ ಕೂತೆ. ನನ್ನ ಆರೋಗ್ಯ, ನನ್ನ ಬೆನ್ನು, ನನ್ನ ಡಾಕ್ಟರು, ನನ್ನ ನಿರ್ಧಾರ ಇವು ಯಾವುದೂ ಒಂದು ಹೋಳಿಗೆಯನ್ನು ತಡೆಯಲಿಲ್ಲ. ದೇವರ ಹೆಸರು ಒಂದೇ ಉಸಿರಿಗೆ ತಡೆಯಿತು. ಯೋಚಿಸಿ ನೋಡಿ, ನಮ್ಮಲ್ಲಿ ಯಾರಾದರೂ ತನಗಾಗಿ ಏನಾದರೂ ಬಿಟ್ಟರೆ ಅದು ಸೊಕ್ಕು. ದೇವರಿಗಾಗಿ ಬಿಟ್ಟರೆ ಭಕ್ತಿ. ಕಾಶಿಗೆ ಹೋದವರು ಹಾಗಲಕಾಯಿ ಬಿಟ್ಟು ಬರುತ್ತಾರೆ, ಆಮೇಲೆ ಯಾರೂ ಅವರಿಗೆ ಅದನ್ನು ಬಡಿಸುವುದಿಲ್ಲ. (ಮೊದಲೇ ಸೇರದ್ದನ್ನು ಆರಿಸಿ ಬಿಡುವ ಜಾಣತನ ಬೇರೆ ಮಾತು. ಕಾಶಿಯಲ್ಲಿ ಯಾರಾದರೂ ಮೊಬೈಲ್ ಬಿಟ್ಟು ಬಂದದ್ದು ನಾನು ಕೇಳಿಲ್ಲ.)

ಈ ಅಂಕಣ ಓದುವವರಿಗೆ ನನ್ನ ದೈವಭಕ್ತಿ ಗೊತ್ತೇ ಇದೆ. ನಾನು ದೇವಸ್ಥಾನಕ್ಕೆ ಹೋಗುವುದು ಚಪ್ಪಲಿ ಕಾಯಲು. ಯಾವ ದೇವರಿಗೆ ಸಿಹಿ ಬಿಟ್ಟೆ ಎಂದು ನಾನೇ ಇನ್ನೂ ತೀರ್ಮಾನಿಸಿರಲಿಲ್ಲ. ಕೇಳಿದವರಿಗೆಲ್ಲ "ಮನೆದೇವರು" ಅಂದೆ. ಸುದ್ದಿ ಸಂಜೆಯೊಳಗೆ ಖಾನಾಪುರ ಮುಟ್ಟಿತು. ಮರುದಿನ ಸಾಂಬ್ರಾದಲ್ಲಿರುವ ಭಾವನ ತಂಗಿ ಫೋನ್ ಮಾಡಿ, "ಅಣ್ಣಾ, ಕೇಳವಣಕ್ಕ ಬರ್ರಿ, ನಿಮಗ ಖಾರಾನ ಮಾಡ್ತೀವಿ" ಅಂದರು.

ಆಮೇಲೆ ಶುರುವಾಯಿತು ಪಹರೆ. ಆಫೀಸಿನ ಎದುರಿನ ಚಹಾದಂಗಡಿಯಲ್ಲಿ ಒಂದು ಪೇಡೆ ಎತ್ತಿಕೊಂಡಿದ್ದೆ ಅಷ್ಟೇ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಪರಿಚಿತರೊಬ್ಬರು, "ಸರ್, ನೀವು ಶಾಂತಾಬಾಯಾರ ಭಾವನ ಮಗ ಅಲ್ರಿ? ಸಿಹಿ ಬಿಟ್ಟೀರಂತಲ್ರಿ?" ಅಂದರು. ಪೇಡೆ ವಾಪಸು ಬರಣಿಗೆ ಹೋಯಿತು. ಯಾವ ಜಿಮ್ಮಿನ ಟ್ರೇನರ್ ಇಷ್ಟು ನಿಗಾ ಇಡುತ್ತಾನೆ ಹೇಳಿ? ಅದೂ ಪುಕ್ಕಟೆ?

ಇದೆಲ್ಲ ಊರವರ ಭಯ ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ. ಹಾಗಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಸುನೀತಾ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಫ್ರಿಜ್ ತೆರೆದರೆ ಕುಂದಾದ ಡಬ್ಬಿ. ಕಾಕು ಇಲ್ಲ, ಚಹಾದಂಗಡಿಯ ಪತ್ತೇದಾರ ಇಲ್ಲ. ಡಬ್ಬಿ ತೆಗೆದೆ, ಚಮಚ ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಇಲ್ಲದ ಹರಕೆ, ನಂಬದ ದೇವರು, ಆದರೂ ಹೋಗಲಿಲ್ಲ. ಇದನ್ನು ತಿಂದು, ಮದುವೆಯ ದಿನ ಅನಘಾ ಕೈಯಲ್ಲಿದ್ದಾಗ ಬೆನ್ನು ಮತ್ತೆ 'ಕಟ್' ಅಂದರೆ? ನನಗೆ ಭಯವಾಯಿತು. ಬುದ್ಧಿಜೀವಿ ಅನ್ನಿಸಿಕೊಂಡವನು ಕುಂದಾದ ಡಬ್ಬಿಗೆ ಹೆದರಿ ಫ್ರಿಜ್ಜಿನ ಬಾಗಿಲು ಹಾಕಿದೆ.

ಹೊಟ್ಟೆ ಇಳಿಯತೊಡಗಿತು. ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಐದೂವರೆಗೆ ಏಳುವುದೂ ರೂಢಿಯಾಯಿತು. ಅಕ್ಕಿ ಚೀಲ ಈಗ ನನ್ನನ್ನು ಕಂಡರೆ ತಾನೇ ಹಗುರಾಗುತ್ತಿತ್ತು. ಗೆದ್ದೆ ಅಂದುಕೊಂಡೆ.

ಆದರೆ ಒಂದು ವಿಷಯ ಗಮನಿಸಿರಲಿಲ್ಲ. ನನ್ನ ಎಲೆಯ ಹೋಳಿಗೆ ವಾಪಸು ಹೋಗುತ್ತಿತ್ತಲ್ಲ, ಎಲ್ಲಿಗೆ ಹೋಗುತ್ತಿತ್ತು? ಸಾಂಬ್ರಾದ ಕೇಳವಣದಲ್ಲಿ ಕಣ್ಣಾರೆ ನೋಡಿದೆ. ನನ್ನನ್ನು ದಾಟಿದ ತಟ್ಟೆ ನೇರವಾಗಿ ಅನಘಾಳ ಮುಂದೆ ನಿಂತಿತು. "ನಿಮ್ಮ ಮಾಮಾ ಅಂತೂ ಬಿಟ್ಟಾರ. ಅವರ ಪಾಲಿಂದೂ ನೀನ ತಿನ್ನವಾ. ಇನ್ನ ಅತ್ತಿ ಮನ್ಯಾಗ ಯಾರು ಹಾಕ್ತಾರೋ ಏನೋ!"

ಅನಘಾ ಸಂತೋಷದಿಂದ ತಿನ್ನುತ್ತಿದ್ದಳು. ಊರಿಗೊಂದು ಕೇಳವಣ, ಓಣಿಗೊಂದು ಕೇಳವಣ. ಪ್ರತಿಯೊಂದರಲ್ಲೂ ಎರಡು ಪಾಲು, ಒಂದು ಅವಳದು, ಒಂದು ನನ್ನದು. ಅವಳ ರವಿಕೆಗಳು ಎರಡನೇ ಸಲ ಟೇಲರ್ ಹತ್ತಿರ ಹೋಗಿ ಬಂದಿದ್ದವು. ನಾನು ಬಿಟ್ಟ ತುಪ್ಪವನ್ನೆಲ್ಲ ದೇವರು ಜೋಪಾನವಾಗಿ ತೆಗೆದಿಟ್ಟು, ನಾನು ಎತ್ತಬೇಕಾದ ಕಡೆಯೇ ಜಮಾ ಮಾಡುತ್ತಿದ್ದ. (ಅವಳ ತೂಕ ಇಲ್ಲಿ ಬರೆಯುವುದಿಲ್ಲ. ನನಗೂ ಜೀವದ ಮೇಲೆ ಆಸೆಯಿದೆ.)

ಒಂದು ದಿನ ಮೆಲ್ಲಗೆ, "ಅನಘಾ, ನೀನೂ ಸ್ವಲ್ಪ ದೇವರಿಗಿ ಬಿಡಬಾರದೇನವಾ?" ಅಂದೆ.

"ನಾ ಯಾಕ ಬಿಡ್ಲಿ? ನನ್ನ ಕೇಳವಣ, ನನ್ನ ಹೋಳಿಗಿ. ಎತ್ತಾವ ನೀ ಇದ್ದಿ, ನೀ ಬಿಡು" ಅಂದಳು. ನ್ಯಾಯವಾದ ಮಾತು. ಗುರಿ ನನ್ನದು ಅಂದ ಮೇಲೆ ಗುರಿ ದಪ್ಪವಾದರೆ ದೂರು ಯಾರಿಗೆ ಕೊಡುವುದು?

ಕೊನೆಗೆ ನಮ್ಮ ಮನೆಯ ಕೇಳವಣ ಬಂತು. ಪರೀಕ್ಷೆಯ ದಿನ. ಸೋದರಮಾವನ ಮನೆಯಲ್ಲಿ ಸೋದರಮಾವನೇ ಬಡಿಸಬೇಕು. ನಾನು ತುಪ್ಪದ ಗಿಂಡಿ ಹಿಡಿದು ಅನಘಾಳ ಎಲೆ ಮುಂದೆ ಬಗ್ಗಿದೆ. ನಾನೇ ಬಡಿಸಬೇಕು, ನಾನೇ ಹೊರಬೇಕು. ಒಂದು ಹನಿ ಹಾಕಿ ಕೈ ಹಿಂದಕ್ಕೆ ಎಳೆದೆ. ಕಾಕು ಬಿಡುತ್ತಾರೆಯೇ?

"ಪಮ್ಯಾ! ಮಾವನ ಮನಿ ಊಟ ಅದು. ಕೈ ಯಾಕ ಹಿಡೀತಿ? ಧಾರಾಳ ಹಾಕು!"

ಹಾಕಿದೆ. ನನ್ನ ಬೆನ್ನು ಒಳಗೊಳಗೇ ಅತ್ತಿತು.

ಊಟವಾಯಿತು. ಎಲ್ಲರೂ ಹಾಲಿನಲ್ಲಿ ಗೋಡೆಗೆ ಒರಗಿ ಕೂತರು, ಎಲೆ ಅಡಿಕೆಯ ತಟ್ಟೆ ನಡುವೆ ಇಟ್ಟುಕೊಂಡು, ಸರ್ಕಸ್ಸಿಗೆ ಬಂದವರ ಹಾಗೆ. ಮೊಣಕಾಲು ಬಗ್ಗಿಸಿದೆ, ಬೆನ್ನು ನೆಟ್ಟಗಿಟ್ಟೆ, ಎತ್ತಿದೆ. ಎದ್ದಳು! ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಸುನೀತಾ ಚಪ್ಪಾಳೆ ತಟ್ಟಿದಳು. ನಾನು ಅಕ್ಕನ ಕಡೆ ನೋಡಿದೆ.

ಅಕ್ಕ ಅಡಿಕೆ ಕತ್ತರಿಸುತ್ತಾ, "ಇದು ನಿನ್ನ ಹಾಲು. ಮಂಗಲ ಕಾರ್ಯಾಲಯದಾಗ ಮದುಮಗಳ ಖೋಲಿಯಿಂದ ಮಂಟಪ ಎಷ್ಟ್ ದೂರ ಅದ ನೋಡೀದಿ? ನೀನೂ ಎತ್ತು. ಕಮಲಾನೂ ಬಾಜೂಕ ನಿಂತಿರ್ಲಿ" ಅಂದಳು.

ತಮ್ಮಂದಿರ ಮೇಲೆ ಅಕ್ಕಂದಿರ ನಂಬಿಕೆ ಇಷ್ಟೇ.

ಕಳೆದ ವಾರ ಮದುವೆ. (ಅಂಕಣ ಬರಲಿಲ್ಲವೇಕೆ ಎಂದು ಕೇಳಿದ ಇಬ್ಬರು ಓದುಗರಿಗೆ ಉತ್ತರ ಸಿಕ್ಕಿತಲ್ಲ?) ಖಾನಾಪುರದ ಕಾರ್ಯಾಲಯ ತುಂಬಿತ್ತು. ಮದುಮಗಳ ಕೋಣೆಯ ಬಾಗಿಲಲ್ಲೇ ಕಮಲ ಲೈಟು ಹಚ್ಚಿಕೊಂಡು ನಿಂತಿತ್ತು, ನನ್ನನ್ನೇ ನೋಡುತ್ತಾ. ಪುರೋಹಿತರು, "ವಧುವನ್ನ ಕರಕೊಂಡ್ ಬರ್ರಿ, ಮುಹೂರ್ತ ಬಂತು" ಎಂದು ಕೂಗಿದರು.

ಎತ್ತಿದೆ. ಎತ್ತಿದ ಕೂಡಲೇ ನನ್ನ ದೊಡ್ಡ ತಪ್ಪು ಗೊತ್ತಾಯಿತು. ಇಷ್ಟು ದಿನ ನಾನು ರೂಢಿ ಮಾಡಿದ್ದು ಅಕ್ಕಿ ಚೀಲದ ಮೇಲೆ. ಗೋಣಿಚೀಲ ಕೈಗೆ ಕಚ್ಚಿಕೊಳ್ಳುತ್ತದೆ. ರೇಷ್ಮೆ ಸೀರೆ ಜಾರುತ್ತದೆ! ಬಂಗಾರದ ಸೊಂಟಪಟ್ಟಿ, ಕೈಯಲ್ಲಿ ತೆಂಗಿನಕಾಯಿ, ಕೊರಳಿಗೆ ಮೊಳಗಟ್ಟಲೆ ಹೂವು ಇವು ಯಾವುವೂ ನನ್ನ ಅಭ್ಯಾಸದಲ್ಲಿ ಇರಲಿಲ್ಲ. ಹೆಜ್ಜೆ ಹೆಜ್ಜೆಗೂ ಅವಳು ಒಂದು ಬೆರಳು ಕೆಳಗೆ ಇಳಿಯುತ್ತಿದ್ದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ತೋಳು ನಡುಗತೊಡಗಿತು.

ಆಗ ಎದುರಿಗೆ ವಿಡಿಯೋದವನು ಬಂದು ಅಡ್ಡ ನಿಂತ.

"ಸರ್, ಫೋಕಸ್ ಹೋತ್ರಿ. ಇನ್ನೊಮ್ಮೆ ಖೋಲಿಯಿಂದ ಬರ್ತೀರೇನ್ರಿ?"

ಅನಘಾಳೇ ಬಾಸಿಂಗ ಸರಿಸಿಕೊಂಡು, "ಫೋಕಸ್ ಹೋದ್ರ ಹೋಗ್ಲಿ, ಮಾಮಾ ಹೋದಾನು! ಸರೀರಿ ಆ ಕಡೆ!" ಎಂದು ಗದರಿಸಿದಳು. ಮದುಮಗಳು ಗದರಿಸಿದ್ದನ್ನು ಕೇಳಿ ಬೀಗರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. (ಅವರಿಗೂ ಈಗಲೇ ಗೊತ್ತಾಗಿದ್ದು ಒಳ್ಳೆಯದು.)

ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ಬೇರೆ ದನಿಯಲ್ಲಿ ಹೇಳಿದಳು. "ಮಾಮಾ, ಕೈ ನಡಗಲಿಕತ್ತಾವ. ಇಳಸು. ನಾ ನಡೀತೀನಿ. ಯಾರೂ ಏನೂ ಅನ್ನೂದಿಲ್ಲ."

"ಸುಮ್ಮ ಕೂಡು" ಅಂದೆ.

ಅವಳು ಸುಮ್ಮನೆ ಒಂದು ತೋಳನ್ನು ನನ್ನ ಕೊರಳಿಗೆ ಬಿಗಿಯಾಗಿ ಸುತ್ತಿದಳು, ಹಿಂದೆ ಯಾರದೋ ಮದುವೆಯಲ್ಲಿ ನಿದ್ದೆ ಬಂದಾಗ ಸುತ್ತಿದ ಹಾಗೆಯೇ. ಭಾರ ಸ್ವಲ್ಪ ಕಡಿಮೆಯಾಯಿತು. ಉಳಿದ ದಾರಿ ಹೇಗೆ ನಡೆದೆನೋ ನೆನಪಿಲ್ಲ. ಅಂತರಪಟದ ಈಚೆ ಮಣೆಯ ಮೇಲೆ ಅವಳನ್ನು ಇಳಿಸಿದಾಗ ಕಣ್ಣು ಒದ್ದೆಯಾಗಿತ್ತು. ಬೆನ್ನುನೋವಿಗೆ ಅಲ್ಲ. ನನಗೆ ತುಂಬಾ ಸಂತೋಷವಾಗಿತ್ತು, ಅಷ್ಟೇ. ಅಕ್ಕ ಬಂದು ತನ್ನ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ಅಕ್ಕನಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಸಿಗುವುದಿಲ್ಲ.

ಕಮಲ ಏನಾಯಿತು? ತಂದದ್ದು ದಂಡವಾಗಬಾರದಲ್ಲ. ಅಕ್ಷತೆ ಬಿದ್ದ ಮೇಲೆ ನೋಡಿದರೆ ಶಾಂತಾ ಕಾಕು ಅದರ ನಡುವೆ ಕೂತಿದ್ದರು. ಮೊಣಕಾಲಿನ ದೆಸೆಯಿಂದ ಊಟದ ಹಾಲಿಗೆ ನಡೆಯಲಾಗುವುದಿಲ್ಲವೆಂದು ಇಬ್ಬರು ಅವರನ್ನು ನೂಕುತ್ತಿದ್ದರು. ಎದುರಿನಿಂದ ಹೊಗೆ, ಒಳಗಿನಿಂದ ಲೈಟು, ಕಾಕು ಎರಡೂ ಕಡೆ ಕೈ ಬೀಸುತ್ತಾ ಸಾಗಿದರು. ಹೋಗುತ್ತಾ ನನ್ನ ಹತ್ತಿರ ಗಾಡಿ ನಿಲ್ಲಿಸಿ, ಸೆರಗಿನ ಮರೆಯಿಂದ ಕುಂದಾದ ಡಬ್ಬಿ ತೆಗೆದರು.

"ಬಾಯಿ ತಗಿ ಪಮ್ಯಾ. ಲಗ್ನ ಆತಲ್ಲ. ದೇವರಿಗಿ ನಾ ಹೇಳ್ತೀನಿ."

ತಿಂದೆ. ಎಷ್ಟು ದಿನವಾಗಿತ್ತು! ಡಬ್ಬಿ ಮನೆಗೂ ಬಂತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನೂ ಐಸಿನ ತೊಟ್ಟಿಯಲ್ಲಿ ಕೂತು ನಿಮಗೆಲ್ಲ ಶಿಸ್ತಿನ ಭಾಷಣ ಮಾಡಬಹುದಿತ್ತು. ಮುಗಿಯಲಿಲ್ಲ. ಮದುವೆಯ ಮರುದಿನ ಬೆಳಿಗ್ಗೆ ಐದೂವರೆಗೆ ಆ್ಯಪ್ ಎಂದಿನಂತೆ "ಇಂದು ನಿಮ್ಮ ದಿನ!" ಅಂದಿತು. ವ್ಯಾಯಾಮ ಬಿಡಬೇಡಿ, ಇದು ಇನ್ನು ನಿಮ್ಮ ಬೆನ್ನಿಗಾಗಿ, ಎಂದು ಫಿಸಿಯೋ ಹುಡುಗಿ ಸಾರಿ ಸಾರಿ ಹೇಳಿದ್ದಳು. ನನ್ನ ಬೆನ್ನಿಗಾಗಿ! ನಾನು ಆ್ಯಪ್‌ನ ಬಾಯಿ ಮುಚ್ಚಿದೆ. ಮಂಚದ ಬದಿಗಿದ್ದ ಡಬ್ಬಿಗೆ ಕೈ ಹಾಕಿದೆ. ಮಲಗಿಕೊಂಡೇ ಕುಂದಾ ತಿಂದು ಮಗ್ಗುಲಾದೆ. ಯಾವ ದೇವರೂ ತಡೆಯಲಿಲ್ಲ, ಯಾವ ಕೈಯೂ ನಡುಗಲಿಲ್ಲ. ಒಂದು ವಾರವಾಯಿತು, ಬೆಲ್ಟು ಹಳೆಯ ತೂತಿಗೆ ಮರಳಿದೆ. ಅಕ್ಕಿಯ ಚೀಲ ಮೂಲೆಯಲ್ಲಿ ಕೂತು ನನ್ನನ್ನು ಗುರುತೇ ಇಲ್ಲದ ಹಾಗೆ ನೋಡುತ್ತದೆ.

ಅಂತೂ ಅನಘಾಳನ್ನು ನಾನು ಎತ್ತಿದೆ. ಬೆಳಿಗ್ಗೆ ಐದೂವರೆಗೆ ನನ್ನನ್ನು ಎತ್ತುವ ಸೋದರಮಾವ ಎಲ್ಲಿದ್ದಾನೆ?